ಮುಜ್ತಬಾ ಹುಸೇನ್: ಅಮೆರಿಕವನ್ನು ನಗುತ್ತಲೇ ನೋಡಿದ ಚಿಂಚೋಳಿಯ ಲೇಖಕ

ಉರ್ದು ಹಾಸ್ಯ ಸಾಹಿತ್ಯದ ದೊಡ್ಡ ಹೆಸರು ಮುಜ್ತಬಾ ಹುಸೇನ್. 1936ರ ಜುಲೈ 15ರಂದು ಇಂದಿನ ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಜನಿಸಿದರು. ಹೈದರಾಬಾದ್‌ನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ಪದವಿ ಪಡೆದರು. ಅದೇ ವರ್ಷ ಹೈದರಾಬಾದ್ ರಾಜ್ಯ ಹಂಚಿಹೋಯಿತು. ಹುಟ್ಟೂರು ಮೈಸೂರು ರಾಜ್ಯಕ್ಕೆ, ಓದಿದ ಊರು ಆಂಧ್ರಪ್ರದೇಶಕ್ಕೆ ಸೇರಿತು.

ಹೈದರಾಬಾದ್‌ನಲ್ಲೇ ಉಳಿದ ಅವರು 1962ರಲ್ಲಿ 'ಸಿಯಾಸತ್' ಪತ್ರಿಕೆಗೆ ಹಾಸ್ಯ ಅಂಕಣ ಬರೆಯಲು ಆರಂಭಿಸಿದರು. ವ್ಯಕ್ತಿಚಿತ್ರ, ಪ್ರಬಂಧಗಳ ಜೊತೆಗೆ ಪ್ರವಾಸ ಬರಹಗಳೂ ಹೆಸರು ತಂದವು. 'ಜಪಾನ್ ಚಲೋ ಜಪಾನ್ ಚಲೋ' ಅವುಗಳಲ್ಲಿ ಪ್ರಸಿದ್ಧ.

ಅಮೆರಿಕ ಕುರಿತ ಬರಹಗಳ ಸಂಕಲನ 'ಅಮೆರಿಕಾ ಘಾಸ್ ಕಾಟ್ ರಹಾ ಹೈ'. ಅಂದರೆ, ಅಮೆರಿಕ ಹುಲ್ಲು ಕೊಯ್ಯುತ್ತಿದೆ. ಅಲ್ಲಿ ಮನೆ ಮುಂದಿನ ಹುಲ್ಲು ಕತ್ತರಿಸುವುದು ಮನೆಯವರದೇ ಕೆಲಸ. ಆದರೆ ಉರ್ದುವಿನಲ್ಲಿ 'ಹುಲ್ಲು ಕೊಯ್ಯುವುದು' ಎಂದರೆ ಮನಸ್ಸಿಲ್ಲದೆ, ಹೇಗೋ ಕೆಲಸ ಮುಗಿಸುವುದು ಎಂಬ ಅರ್ಥವೂ ಇದೆ. ಜಗತ್ತಿನ ದೊಡ್ಡಣ್ಣನನ್ನು ಒಂದೇ ಸಾಲಿನಲ್ಲಿ ನೆಲಕ್ಕಿಳಿಸುವ ಶೀರ್ಷಿಕೆ ಇದು.

ಸಿಕಂದರಾಬಾದ್-ಹೈದರಾಬಾದ್ ಅವಳಿ ನಗರದ ಎಷ್ಟೋ ಕುಟುಂಬಗಳಿಗೆ ಅಮೆರಿಕ ಈಗ ಮಕ್ಕಳಿರುವ ಊರು. 2008ರಲ್ಲಿ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ಅಮೆರಿಕದ ಕಾನ್ಸುಲೇಟ್ ಆರಂಭವಾಯಿತು. ಮಕ್ಕಳನ್ನು ನೋಡಿ ಬಂದ ಹೆತ್ತವರಿಗೆ ಈ ಹಾಸ್ಯ ಬೇಗ ಅರ್ಥವಾಗುತ್ತದೆ.

2007ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2019ರ ಡಿಸೆಂಬರ್‌ನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ವಿವಾದದ ನಡುವೆ, ದೇಶದ ಸ್ಥಿತಿಗೆ ನೊಂದು ಪ್ರಶಸ್ತಿ ಹಿಂತಿರುಗಿಸುವುದಾಗಿ ಘೋಷಿಸಿದರು. ಜೀವನವಿಡೀ ನಗಿಸಿದವರ ಈ ಮಾತು ದೊಡ್ಡ ಸುದ್ದಿಯಾಯಿತು. 2020ರ ಮೇ 27ರಂದು ಹೈದರಾಬಾದ್‌ನಲ್ಲಿ ನಿಧನರಾದರು.