ಫ್ಲಾನನ್ ದೀಪಸ್ತಂಭ: ಭೂತದ ಕಥೆಯಲ್ಲಿ ಮುಚ್ಚಿಹೋದ ಮೂವರು

ಇವತ್ತು ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿರೋ ಫ್ಲಾನನ್ ದ್ವೀಪಗಳಿಗೆ ಹೋಗೋಣ. ಅಲ್ಲಿನ 23 ಮೀಟರ್ ಎತ್ತರದ ದೀಪಸ್ತಂಭ ಮೊದಲು ಬೆಳಗಿದ್ದು 1899ರ ಡಿಸೆಂಬರ್ 7ರಂದು. ಒಂದು ವರ್ಷ ಕಳೆದ ಕೆಲವೇ ದಿನಗಳಲ್ಲಿ ಅದನ್ನು ಕಾಯುತ್ತಿದ್ದ ಜೇಮ್ಸ್ ಡಕಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮೆಕಾರ್ಥರ್ ಮೂವರೂ ಕಾಣೆಯಾದರು.

1900ರ ಡಿಸೆಂಬರ್ 26. ಹವಾಮಾನ ಕೆಟ್ಟು ತಡವಾಗಿದ್ದ ‘ಹೆಸ್ಪರಸ್’ ಹಡಗು ದ್ವೀಪಕ್ಕೆ ಬಂತು. ಎದುರುಗೊಳ್ಳಲು ಯಾರೂ ಇರಲಿಲ್ಲ. ಕೆಲಸಕ್ಕೆ ಮರಳಿದ್ದ ಜೋಸೆಫ್ ಮೂರ್ ಒಬ್ಬರೇ ಮೇಲೆ ಹತ್ತಿ ನೋಡಿದರೆ ಹಾಸಿಗೆಗಳು ಖಾಲಿ, ಗಡಿಯಾರ ನಿಂತಿದೆ.

ಇಂಟರ್‌ನೆಟ್‌ನಲ್ಲಿ ಹುಡುಕಿದ್ರೆ ಮುಟ್ಟದೇ ಬಿಟ್ಟ ಊಟ, ಉರುಳಿದ ಕುರ್ಚಿ, ಸಮುದ್ರಭೂತ, ಎಲ್ಲಾ ಸಿಗುತ್ತೆ. ಆ ಊಟ, ಕುರ್ಚಿ ಜನರ ಮನಸ್ಸಲ್ಲಿ ಕೂತಿದ್ದು 1912ರಲ್ಲಿ ವಿಲ್ಫ್ರಿಡ್ ಗಿಬ್ಸನ್ ಬರೆದ ಕವಿತೆಯಿಂದ. ಮೂರ್ ನಿಜವಾಗಿ ಕಂಡದ್ದು ತೊಳೆದಿಟ್ಟ ಪಾತ್ರೆಗಳನ್ನು.

ನಾನು ಓದಿದ್ದು ಬಿ.ಕಾಂ. ಯಾವ ಕಥೆ ಕೇಳಿದ್ರೂ ಲೆಕ್ಕದ ಪುಸ್ತಕದ ಕೊನೇ ಎಂಟ್ರಿ ಏನು ಅಂತ ನೋಡೋ ಅಭ್ಯಾಸ. ಇಲ್ಲಿ ಅದು ಸ್ಲೇಟಿನ ಮೇಲಿತ್ತು: ಡಿಸೆಂಬರ್ 15, ಬೆಳಿಗ್ಗೆ 9 ಗಂಟೆ, ಹವಾಮಾನದ ಟಿಪ್ಪಣಿ. ಅದೇ ರಾತ್ರಿ ಆ ದಾರಿಯಲ್ಲಿ ಹೋದ ಹಡಗೊಂದಕ್ಕೆ ದೀಪ ಕಾಣಲಿಲ್ಲ. ಅಂದ್ರೆ ಏನೇ ಆಗಿದ್ದರೂ ಆ ಹಗಲಲ್ಲೇ ಆಗಿದೆ.

ತನಿಖೆಗೆ ಬಂದ ಮೇಲಧಿಕಾರಿ ರಾಬರ್ಟ್ ಮ್ಯೂರ್‌ಹೆಡ್ ಪಶ್ಚಿಮದ ಇಳಿದಾಣ ನೋಡಿದರು. ಸಮುದ್ರಮಟ್ಟದಿಂದ 110 ಅಡಿ ಮೇಲೆ ಹಗ್ಗ ತುಂಬಿಟ್ಟಿದ್ದ ಪೆಟ್ಟಿಗೆ ಕೊಚ್ಚಿಹೋಗಿತ್ತು. ಕಬ್ಬಿಣದ ಕಂಬಿ ತಿರುಚಿತ್ತು. ಆ ಪೆಟ್ಟಿಗೆ ಭದ್ರಪಡಿಸಲು ಹೋದವರನ್ನು ದೈತ್ಯ ಅಲೆಯೊಂದು ಎಳೆದೊಯ್ದಿರಬೇಕು ಅಂತ ಅವರ ತೀರ್ಮಾನ. ಮೆಕಾರ್ಥರ್‌ನ ಕೋಟು ಮಾತ್ರ ಮನೆಯಲ್ಲೇ ಉಳಿದಿತ್ತು. ನನ್ನ ಊಹೆ ಇಷ್ಟೇ: ಆ ಚಳಿಯಲ್ಲಿ ಕೋಟು ಹಾಕದೇ ಹೊರಗೆ ಓಡೋನು ಯಾರನ್ನೋ ಉಳಿಸೋಕೇ ಓಡಿರಬೇಕು. ಅವನು ಅಲ್ಲಿಗೆ ಬಂದಿದ್ದೇ ಕಾಯಿಲೆ ಬಿದ್ದ ಇನ್ನೊಬ್ಬ ಕೀಪರ್‌ನ ಬದಲಿಗೆ.

ಡಕಟ್‌ಗೆ ಹೆಂಡತಿ, ನಾಲ್ಕು ಮಕ್ಕಳು. ಮೆಕಾರ್ಥರ್‌ಗೆ ಹೆಂಡತಿ, ಇಬ್ಬರು ಮಕ್ಕಳು. ‘ರಹಸ್ಯ’ ಅಂದಕೂಡಲೇ ಈ ಮನೆಗಳು ಮರೆತುಹೋಗ್ತವೆ, ಭೂತ ಮಾತ್ರ ನೆನಪಲ್ಲಿ ಉಳಿಯುತ್ತೆ. ಇದು ಕೆಲಸದ ಮೇಲಿದ್ದಾಗ ಆದ ಸಾವು ಅನ್ನೋದನ್ನ ಹೇಳೋರೇ ಕಮ್ಮಿ.

1971ರಲ್ಲಿ ಆ ದೀಪ ಸ್ವಯಂಚಾಲಿತವಾಯಿತು, ಈಗ ಅಲ್ಲಿ ಕೀಪರ್‌ಗಳಿಲ್ಲ. ಮೂರ್ ಒಳಗೆ ಹೋದಾಗ ದೀಪ ಒರೆಸಿ, ಎಣ್ಣೆ ತುಂಬಿ, ಸಂಜೆಗೆ ಸಿದ್ಧವಾಗಿತ್ತು. ಮುಂದಿನ ಬಾರಿ ಯಾರಾದ್ರೂ ಈ ಕಥೆ ಹೇಳಿದ್ರೆ, ಆ ದೀಪದ ವಿಷಯನೂ ಸೇರಿಸಿ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.