ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್: ಆನುವಂಶಿಕ ಅಧ್ಯಯನದ ಇತಿಹಾಸ

ಮುಟ್ಟಿನ ಏರುಪೇರು, ಆಂಡ್ರೊಜನ್ ಹಾರ್ಮೋನಿನ ಹೆಚ್ಚಳ ಮತ್ತು ಅಂಡಾಶಯದಲ್ಲಿ ನೀರುಗುಳ್ಳೆಗಳಂತೆ ಕಾಣುವ ಹಲವು ಪುಟ್ಟ ಚೀಲಗಳು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್‌ನ, ಅಂದರೆ ಪಿಸಿಓಎಸ್‌ನ, ಮುಖ್ಯ ಲಕ್ಷಣಗಳು. ಈ ಚೀಲಗಳು ಗೆಡ್ಡೆಗಳಲ್ಲ. ಅಂಡಾಣು ಬಲಿಯುವ ಮೊದಲೇ ಬೆಳವಣಿಗೆ ನಿಂತ ಕೋಶಕಗಳು. ಪಿಸಿಓಎಸ್ ಮನೆತನಗಳಲ್ಲಿ ಹರಿದು ಬರುತ್ತದೆ ಎಂಬುದು ಬೇಗ ತಿಳಿಯಿತು. ಹೇಗೆ ಎಂಬುದನ್ನು ಅರಿಯಲು ದಶಕಗಳೇ ಹಿಡಿದವು.

ಗುರುತಿಸುವಿಕೆ

1935ರಲ್ಲಿ ಷಿಕಾಗೊದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಏಳು ಮಹಿಳೆಯರಲ್ಲಿ ಈ ಸ್ಥಿತಿಯನ್ನು ವಿವರಿಸಿದರು. ಬಹುಕಾಲ ಅವರ ಹೆಸರಿನಿಂದಲೇ ಇದನ್ನು ಕರೆಯಲಾಗುತ್ತಿತ್ತು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು, ಬೇರೆ ಕಾರಣಗಳಿಲ್ಲದೆ ಮೇಲಿನ ಮೂರರಲ್ಲಿ ಎರಡು ಲಕ್ಷಣಗಳಿದ್ದರೆ ಸಾಕು ಎಂದು ಒಪ್ಪಿದರು.

ಕುಟುಂಬ ಮತ್ತು ಅವಳಿಗಳು

1968ರ ಒಂದು ಕುಟುಂಬ ಅಧ್ಯಯನ, ಒಂದೇ ಪ್ರಬಲ ವಂಶವಾಹಿ ಇದಕ್ಕೆ ಕಾರಣವಿರಬಹುದು ಎಂದಿತು. 1998ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಅಕ್ಕತಂಗಿಯರನ್ನು ಪರೀಕ್ಷಿಸಿದಾಗ 22% ಮಂದಿಗೆ ಪಿಸಿಓಎಸ್ ಇತ್ತು. ಇನ್ನೂ 24% ಮಂದಿಗೆ ಮುಟ್ಟು ಸರಿಯಾಗಿದ್ದರೂ ಆಂಡ್ರೊಜನ್ ಹೆಚ್ಚಿತ್ತು. ಅವಳಿಗಳ ಕುರಿತ 2006ರ ಡಚ್ ಅಧ್ಯಯನ, ಅಪಾಯದ ವ್ಯತ್ಯಾಸದಲ್ಲಿ ಸುಮಾರು 70% ಪಾಲು ಆನುವಂಶಿಕವೆಂದು ಅಂದಾಜಿಸಿತು.

ವಂಶವಾಹಿಗಳ ಹುಡುಕಾಟ

ಮೊದಮೊದಲು ಇನ್ಸುಲಿನ್ ಮತ್ತು ಲೈಂಗಿಕ ಹಾರ್ಮೋನುಗಳಿಗೆ ಸಂಬಂಧಿಸಿದ ಒಂದೊಂದೇ ವಂಶವಾಹಿಯನ್ನು ಶಂಕಿಸಿ ಪರೀಕ್ಷಿಸಲಾಯಿತು. ಸಣ್ಣ ಗುಂಪುಗಳಲ್ಲಿ ಸಿಕ್ಕ ಫಲಿತಾಂಶಗಳು ಬೇರೆಡೆ ಪದೇಪದೇ ಸುಳ್ಳಾದವು. 2011ರಲ್ಲಿ ಚೀನಾದ ಚೆನ್ ಝಿಜಿಯಾಂಗ್ ತಂಡ ಯಾವುದನ್ನೂ ಮುಂಚಿತವಾಗಿ ಶಂಕಿಸದೆ ಇಡೀ ಜೀನೋಮನ್ನು ಜಾಲಾಡಿ, ಹಾನ್ ಚೀನೀ ಮಹಿಳೆಯರಲ್ಲಿ ಪಿಸಿಓಎಸ್‌ನೊಂದಿಗೆ ನಂಟಿರುವ ಮೂರು ಸ್ಥಾನಗಳನ್ನು ಗುರುತಿಸಿತು. ಅವುಗಳ ಬಳಿ ಎಲ್‌ಎಚ್‌ಸಿಜಿಆರ್, ಥಾಡಾ ಮತ್ತು ಡಿಇಎನ್‌ಎನ್‌ಡಿ1ಎ ವಂಶವಾಹಿಗಳಿವೆ. ಮರುವರ್ಷ ಸ್ಥಾನಗಳ ಸಂಖ್ಯೆ 11ಕ್ಕೇರಿತು. ಡಿಇಎನ್‌ಎನ್‌ಡಿ1ಎ ಯಾರೂ ಊಹಿಸಿರದ ಹೆಸರು. ಆದರೆ ಅದರಿಂದಾಗುವ ಒಂದು ಬಗೆಯ ಪ್ರೋಟೀನು ರೋಗಿಗಳ ಅಂಡಾಶಯದ ಥೀಕಾ ಕೋಶಗಳಲ್ಲಿ ಹೆಚ್ಚಿದ್ದು, ಆಂಡ್ರೊಜನ್ ಉತ್ಪಾದನೆಯನ್ನು ಏರಿಸುತ್ತದೆಂದು 2014ರಲ್ಲಿ ತೋರಿಸಲಾಯಿತು.

2018ರಲ್ಲಿ ಯುರೋಪ್ ಮೂಲದ 10,074 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ 14 ಸ್ಥಾನಗಳು ಕಂಡವು. ರೋಗವನ್ನು ಯಾವ ಮಾನದಂಡದಿಂದ ಗುರುತಿಸಿದ್ದರೂ ಅವುಗಳಲ್ಲಿ 13ರ ಪ್ರಭಾವ ಹೆಚ್ಚುಕಡಿಮೆ ಒಂದೇ ಆಗಿತ್ತು. ಮಾನದಂಡಗಳು ಬೇರೆಯಾದರೂ ಬೇರು ಬಹುಮಟ್ಟಿಗೆ ಒಂದೇ ಎಂಬ ಸೂಚನೆ ಇದು. ಪಿಸಿಓಎಸ್‌ಗೆ ಪುರುಷರ ಬೊಕ್ಕತಲೆಯೊಂದಿಗೂ ಆನುವಂಶಿಕ ನಂಟು ಕಾಣಿಸಿತು.

ಇಂದಿನ ತಿಳಿವಳಿಕೆ

ಒಂದೇ ವಂಶವಾಹಿಯ ಕಲ್ಪನೆ ಈಗ ಹಿಂದೆ ಸರಿದಿದೆ. ಅಲ್ಪ ಪ್ರಭಾವದ ಹಲವು ವ್ಯತ್ಯಾಸಗಳು ಸೇರಿ ಅಪಾಯವನ್ನು ಹೆಚ್ಚಿಸುತ್ತವೆ. ತೂಕದಂಥ ಅಂಶಗಳು ಅದಕ್ಕೆ ಕೂಡಿಕೊಳ್ಳುತ್ತವೆ. ತಿಳಿದಿರುವ ಸ್ಥಾನಗಳು ಆನುವಂಶಿಕ ಪಾಲಿನ ಸಣ್ಣ ಭಾಗವನ್ನಷ್ಟೇ ವಿವರಿಸುವುದರಿಂದ, ರೋಗಪತ್ತೆಗೆ ವಂಶವಾಹಿ ಪರೀಕ್ಷೆ ವಾಡಿಕೆಯಲ್ಲಿಲ್ಲ. ತಾಯಿಗೆ, ಅಕ್ಕತಂಗಿಯರಿಗೆ ಈ ತೊಂದರೆ ಇದೆಯೇ ಎಂದು ವೈದ್ಯರು ಇಂದಿಗೂ ಕೇಳಿಯೇ ತಿಳಿದುಕೊಳ್ಳುತ್ತಾರೆ.