ಮುಂಬೈಗೆ ಹೋದ್ರೆ ಎಲ್ಲಿ ಇಳ್ಕೊಳ್ಳೋದು?

"ಮಾಟುಂಗಾದಲ್ಲಿ ಇಳ್ಕೊಳ್ಳೋ, ಊಟಕ್ಕೆ ತೊಂದ್ರೆ ಆಗಲ್ಲ" ಅಂದರು ದೊಡ್ಡಪ್ಪ.

ಪ್ರಾಜೆಕ್ಟ್ ಕೆಲಸದ ಮೇಲೆ ಹತ್ತು ದಿನ ಮುಂಬೈಗೆ ಹೋಗಬೇಕಿತ್ತು. ನಾನು, ಜೊತೆಗೆ ನಮ್ಮ ಟೀಮಿನ ಇನ್ನೊಬ್ಬ ಗೆಳೆಯ. ಇಬ್ಬರಿಗೂ ಮೊದಲ ಸಲ. ಕ್ಲೈಂಟ್ ಆಫೀಸು ಅಂಧೇರಿಯಲ್ಲಿ. ಮ್ಯಾಪ್ ತೆಗೆದು ನೋಡಿದರೆ ತಲೆ ತಿರುಗಿತು. ಚರ್ಚ್‌ಗೇಟಿನಿಂದ ವಿರಾರ್‌ವರೆಗೆ ಲೋಕಲ್ ರೈಲಿನ ಒಂದೇ ಒಂದು ಗೆರೆ ಅರವತ್ತು ಕಿಲೋಮೀಟರ್! ಬೆಂಗಳೂರಿನಿಂದ ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುವಷ್ಟು ದೂರ. ಇಷ್ಟು ಉದ್ದದ ಊರಿನಲ್ಲಿ ಒಂದು ಮಂಚ, ಒಂದು ಫ್ಯಾನು ಎಲ್ಲಿ ಹುಡುಕೋದು? ಆಫೀಸಿನ ಒಬ್ಬರು ಕೊಲಾಬಾ ಅಂದರು, ಇನ್ನೊಬ್ಬರು ಅಂಧೇರಿಯಲ್ಲೇ ಇರಿ ಅಂದರು. ದೊಡ್ಡಪ್ಪ ಮಾತ್ರ ಮಾಟುಂಗಾ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಎಪ್ಪತ್ತರ ದಶಕದಲ್ಲಿ ಇಂಟರ್‌ವ್ಯೂಗೆ ಹೋದಾಗ ಅವರು ಉಳಿದದ್ದು ಅಲ್ಲೇ.

ಮಾಟುಂಗಾನೇ ಯಾಕೆ? ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹೊರಡುವ ಮೊದಲು ಒಂದು ವಾರ ರಾತ್ರಿ ಕೂತು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಊರಿಗೆ ಹೊಸದಾಗಿ ಬಂದವರು ಜಾಗ "ಆರಿಸಿಕೊಳ್ಳುತ್ತಿರಲಿಲ್ಲ". ರೈಲು ಎಲ್ಲಿ ಇಳಿಸಿತೋ ಅದರ ಸುತ್ತಮುತ್ತಲೇ ರಾತ್ರಿ ಕಳೆಯಬೇಕಿತ್ತು. ನಮ್ಮ ಬೆಂಗಳೂರನ್ನೇ ನೋಡಿ. ಗುಬ್ಬಿ ತೋಟದಪ್ಪನವರು ತಮ್ಮ ಧರ್ಮಛತ್ರಕ್ಕೆ ಜಾಗ ಕೊಂಡಿದ್ದು ರೈಲು ನಿಲ್ದಾಣದ ಹತ್ತಿರವೇ. 1903ರಲ್ಲಿ ಅದು ಶುರುವಾಯಿತು. ಮೆಜೆಸ್ಟಿಕ್ ಸುತ್ತ ಇವತ್ತಿಗೂ ಅಷ್ಟೊಂದು ಲಾಡ್ಜುಗಳಿರುವುದು ಸುಮ್ಮನೆ ಅಲ್ಲ.

ಮುಂಬೈಯಲ್ಲಿ ಈ ಕತೆ ಇನ್ನೂ ಹಳೆಯದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು. "ಫೋರ್ಟ್" ಅನ್ನೋ ಹೆಸರು ಮಾತ್ರ ಉಳಿಯಿತು. ಆಮೇಲೆ ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಅದರಲ್ಲೊಂದು ವಾಟ್ಸನ್ ಹೋಟೆಲ್. ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು, 1860ರ ದಶಕದ ಕೊನೆಯಲ್ಲಿ ಇಲ್ಲಿ ಜೋಡಿಸಿದರು. ಒಂಥರಾ ಆ ಕಾಲದ ರೆಡಿಮೇಡ್ ಕಟ್ಟಡ :-) ಮಾರ್ಕ್ ಟ್ವೇನ್ ಉಳಿದಿದ್ದು ಇಲ್ಲಿ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದೂ ಇಲ್ಲೇ. ಆದರೆ ಅದು ಯೂರೋಪಿಯನ್ನರಿಗಾಗಿ ನಡೆಯುತ್ತಿದ್ದ ಹೋಟೆಲ್ಲು. ಅಲ್ಲಿ ಜಮ್‌ಸೆಟ್‌ಜೀ ಟಾಟಾ ಅವರನ್ನು ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ಅವರು ತಾಜ್ ಕಟ್ಟಿಸಿದರು ಅಂತ ಒಂದು ಕತೆ ಎಲ್ಲರೂ ಹೇಳುತ್ತಾರೆ. ಅದು ನಿಜವಲ್ಲ ಅನ್ನುವ ಇತಿಹಾಸಕಾರರೂ ಇದ್ದಾರೆ. ತಾಜ್ ಬಾಗಿಲು ತೆರೆದಿದ್ದು 1903ರ ಡಿಸೆಂಬರ್‌ನಲ್ಲಿ. ಗೇಟ್‌ವೇ ಆಫ್ ಇಂಡಿಯಾ ಆಗ ಇನ್ನೂ ಇರಲೇ ಇಲ್ಲ!

ಇದೆಲ್ಲ ದುಡ್ಡಿದ್ದವರ ಮಾತು. ಸಾಮಾನ್ಯರಿಗೆ ಏನಿತ್ತು? ಭುಲೇಶ್ವರ, ಸಿ.ಪಿ. ಟ್ಯಾಂಕ್ ಕಡೆ ಆಯಾ ಜಾತಿ, ಪಂಥದವರು ಕಟ್ಟಿಸಿದ ಧರ್ಮಶಾಲೆಗಳಿದ್ದವು. ಬಟ್ಟೆ ಗಿರಣಿಗಳಿಗೆ ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದವರು ಚಾಳುಗಳಲ್ಲಿ ಒಂದೊಂದು ಖೋಲಿಗೆ ಹತ್ತಾರು ಜನ ಸೇರಿಕೊಳ್ಳುತ್ತಿದ್ದರು. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. ಒಂದೇ ಹಳ್ಳಿಯವರೆಲ್ಲ ಸೇರಿ ಖೋಲಿ ಹಿಡಿಯುತ್ತಿದ್ದರು, ಊಟಕ್ಕೆ ಖಾನಾವಳಿ. ಅಂದರೆ ಮುಂಬೈಯಲ್ಲಿ ನಿನ್ನ ವಿಳಾಸ ಯಾವುದು ಅನ್ನೋದು, ನಿನ್ನ ಊರು ಯಾವುದು, ನೀನು ಯಾರ ಪೈಕಿ ಅನ್ನೋದರ ಮೇಲೆ ನಿಂತಿತ್ತು.

ವಾಟ್ಸನ್ ಹೋಟೆಲಿನಲ್ಲಿ ಸಿನಿಮಾ ತೋರಿಸಿದ ಅದೇ 1896ರ ಮಳೆಗಾಲದ ಕೊನೆಯಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಜನ ಊರು ಬಿಟ್ಟು ಓಡಿದರು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಮನೆಗಳೇ ರೋಗಕ್ಕೆ ಕಾರಣ ಅಂತ ಸರ್ಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. (ಬೆಂಗಳೂರಿಗೂ ಅದೇ ವರ್ಷ ಪ್ಲೇಗ್ ಬಂತು, ಅದರಿಂದಲೇ ಮಲ್ಲೇಶ್ವರ, ಬಸವನಗುಡಿ ಬೆಳೆದವು ಅನ್ನೋದು ನಿಮಗೆಲ್ಲ ಗೊತ್ತೇ ಇದೆ.) ಟ್ರಸ್ಟ್ ಹಳೇ ಕೇರಿಗಳನ್ನು ಕೆಡವಿ ಅಗಲ ರಸ್ತೆ ಮಾಡಿತು, ಕಾರ್ಮಿಕರಿಗೆ ಚಾಳು ಕಟ್ಟಿತು, ಆಗ ಊರ ಅಂಚಿನಲ್ಲಿದ್ದ ದಾದರ್, ಮಾಟುಂಗಾ ಕಡೆ ಹೊಸ ಬಡಾವಣೆ ಹಾಕಿತು. ಸಾಲು ಮರ, ಫೈವ್ ಗಾರ್ಡನ್ಸ್, ಕಿಂಗ್ಸ್ ಸರ್ಕಲ್ಲಿನ ದುಂಡು ಪಾರ್ಕು ಎಲ್ಲ ಆ ಯೋಜನೆಯಿಂದ ಬಂದಿದ್ದು. ಬಡಾವಣೆಯ ಹೆಸರುಗಳನ್ನು ಕೇಳಿ: ಪಾರ್ಸಿ ಕಾಲೋನಿ, ಹಿಂದೂ ಕಾಲೋನಿ, ತಮಿಳ್ ಕಾಲೋನಿ. ಯಾರು ಎಲ್ಲಿ ಅನ್ನೋದು ಹೆಸರಲ್ಲೇ ಇದೆ.

ದಕ್ಷಿಣದಿಂದ ಆಫೀಸು ಗುಮಾಸ್ತಿಕೆಗೆ, ರೈಲ್ವೆ ಕೆಲಸಕ್ಕೆ ಬಂದವರು ಇಲ್ಲಿ ನೆಲೆ ನಿಂತರು. ಅವರ ಹಿಂದೆಯೇ ಕಾಫಿಪುಡಿ, ಬಾಳೆಎಲೆ, ಮಲ್ಲಿಗೆ ಹೂವಿನ ಅಂಗಡಿಗಳು ಬಂದವು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಮಾಟುಂಗಾದಲ್ಲಿ. ರಾಮ ನಾಯಕರು ಸ್ಟೇಷನ್ ಪಕ್ಕದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು 1942ರಲ್ಲಿ. ಕರಾವಳಿಯ ಎಷ್ಟೋ ಹುಡುಗರು ಇಂಥ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಹೋಟೆಲಿನಲ್ಲೇ ಚಾಪೆ ಹಾಸಿ ಮಲಗಿ ದೊಡ್ಡವರಾದರು. ಇನ್ನೊಂದು ಅನುಕೂಲ ಮ್ಯಾಪ್ ನೋಡಿದಾಗ ಗೊತ್ತಾಯಿತು. ಸೆಂಟ್ರಲ್ ಲೈನಿನ ಮಾಟುಂಗಾ, ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್, ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್, ಮೂರೂ ನಡೆದು ಹೋಗುವಷ್ಟು ದೂರ. ನೂರು ವರ್ಷದ ಹಿಂದೆ ಊರ ಹೊರಗಿದ್ದದ್ದು ಈಗ ಊರ ನಡುವೆ ಬಂದಿದೆ. ದೊಡ್ಡಪ್ಪನ ಮಾತು ಬರೀ ಊಟದ ಮಾತಲ್ಲ ಅನ್ನಿಸಿತು.

ಸರಿ ಅಂತ ಆ ಕಡೆಯ ಒಂದು ಲಾಡ್ಜಿಗೆ ಫೋನ್ ಮಾಡಿದೆ. ಆ ಕಡೆಯವರು ಕನ್ನಡದಲ್ಲೇ "ಬನ್ನಿ ಬನ್ನಿ, ಡಬಲ್ ರೂಮ್ ಇದೆ" ಅಂದರು. ನನಗೋ ಮನೆಗೆ ಕರೆದಷ್ಟು ಖುಷಿ. ಬೆಳಿಗ್ಗೆ ಏಳಕ್ಕೆ ಬ್ಯಾಗು ಹೊತ್ತುಕೊಂಡು ಹೋಗಿ ಕೌಂಟರಿನಲ್ಲಿ ನಿಂತೆವು. ನನ್ನ ಐಡಿ ಕಾರ್ಡು ನೋಡಿ ಯಾವ ಊರು, ಯಾರ ಪೈಕಿ ಅಂತೆಲ್ಲ ನಗುತ್ತಾ ವಿಚಾರಿಸಿದರು. ಆಮೇಲೆ ಗೆಳೆಯನ ಕಾರ್ಡು ತೆಗೆದುಕೊಂಡರು. ಅವನ ಹೆಸರು ಓದಿದರು. ರಿಜಿಸ್ಟರ್ ಮುಚ್ಚಿದರು. "ಡಬಲ್ ರೂಮ್ ಖಾಲಿ ಆಗಲಿಲ್ಲ ಸಾರ್. ಸಿಂಗಲ್ ಒಂದಿದೆ, ನಿಮಗೆ ಬೇಕಾದ್ರೆ..." ಅಂದರು, ನನ್ನ ಕಡೆ ಮಾತ್ರ ನೋಡಿ.

ನಾನು ಜಗಳಕ್ಕೆ ನಿಂತೆ. ಗೆಳೆಯ ನನ್ನ ತೋಳು ಹಿಡಿದು "ಬಾರೋ, ದಾದರ್‌ನಲ್ಲಿ ಒಂದು ಕಡೆ ಕೇಳಿ ಇಟ್ಟಿದೀನಿ" ಅಂದ. ಹೊರಗೆ ಬಂದ ಮೇಲೆ ಗೊತ್ತಾಯಿತು, ಅವನು ಯಾವ ಊರಿಗೆ ಹೋಗುವಾಗಲೂ ಎರಡು ಕಡೆ ಫೋನ್ ಮಾಡಿ ಇಟ್ಟುಕೊಂಡಿರುತ್ತಾನಂತೆ. ನಾಲ್ಕು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂರುವವನು. ನನಗೆ ಇದು ಗೊತ್ತೇ ಇರಲಿಲ್ಲ.

ಭಾನುವಾರ ದಾದರ್‌ನಿಂದ ಹಿಂದೂ ಕಾಲೋನಿ ಕಡೆ ನಡೆದುಕೊಂಡು ಹೋದೆವು. ಅಲ್ಲಿ "ರಾಜಗೃಹ" ಇದೆ, 1930ರ ದಶಕದ ಆರಂಭದಲ್ಲಿ ಡಾ. ಅಂಬೇಡ್ಕರ್ ತಮ್ಮ ಪುಸ್ತಕಗಳಿಗೂ ಸೇರಿಸಿ ಕಟ್ಟಿಸಿದ ಮನೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವರಿದ್ದದ್ದು ಪರೇಲಿನ ಚಾಳಿನಲ್ಲಿ. ಅದೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದ ಚಾಳು! ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದ ಅವರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಹಿಂದೂ ಹೋಟೆಲುಗಳಲ್ಲಿ ಸೇರಿಸುವುದಿಲ್ಲ ಅಂತ ಗೊತ್ತಿದ್ದರಿಂದ ಒಂದು ಪಾರ್ಸಿ ತಂಗುಮನೆಯಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಖಾಲಿ ಮಾಡಿಸಿತು. ಗೆಳೆಯರ ಮನೆಯಲ್ಲೂ ಜಾಗ ಸಿಗದೆ, ಪಾರ್ಕಿನಲ್ಲಿ ಕೂತು ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬೈಗೆ ವಾಪಸ್ ಬಂದರು. ಇದನ್ನು ಅವರೇ ಬರೆದಿದ್ದಾರೆ. ರಾಜಗೃಹದ ಮುಂದೆ ನಿಂತು ಗೆಳೆಯನಿಗೆ ಇದನ್ನು ಹೇಳಿದೆ. ಅವನು ಏನೂ ಹೇಳಲಿಲ್ಲ, ಮನೆಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದ.

ಊರಿಗೆ ಬಂದ ಮೇಲೆ ದೊಡ್ಡಪ್ಪ "ಮಾಟುಂಗಾದಲ್ಲಿ ಇಳ್ಕೊಂಡ್ಯಾ?" ಅಂತ ಕೇಳಿದರು. ನಡೆದದ್ದು ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಆಗ್ಲೂ ಕೇಳ್ತಿದ್ರು ಕಣೋ, ಯಾರ ಪೈಕಿ ಅಂತ. ನಾವು ಹೇಳ್ತಿದ್ವಿ, ಒಳಗೆ ಹೋಗ್ತಿದ್ವಿ" ಅಂದರು.

ಮುಂಬೈಗೆ ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟು. ನಿಮ್ಮ ಕೆಲಸ ಇರುವ ರೈಲ್ವೆ ಲೈನಿನ ಮೇಲೇ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಉಳಿಯಿರಿ. ಎರಡು ಲೈನಿನಲ್ಲೂ ಕೆಲಸವಿದ್ದರೆ ದಾದರ್, ಮಾಟುಂಗಾ ಕಡೆ ನೋಡಿ. ಬಾಳೆಎಲೆ ಊಟಕ್ಕೆ ಮಾಟುಂಗಾ ತಪ್ಪಿಸಬೇಡಿ, ನಾವಿಬ್ಬರೂ ಮೂರು ಸಲ ಹೋದೆವು. ಜೊತೆಗೆ ಯಾರಾದರೂ ಬರುತ್ತಿದ್ದರೆ ಫೋನಿನಲ್ಲೇ ಇಬ್ಬರ ಹೆಸರೂ ಹೇಳಿಬಿಡಿ. ಬೇಡ ಅನ್ನುವವರು ಅಲ್ಲೇ ಅನ್ನಲಿ, ಅಂಥ ಕಡೆ ನೀವೂ ಹೋಗಬೇಡಿ. ಬ್ಯಾಗು ಹೊತ್ತುಕೊಂಡು ಕೌಂಟರಿನ ಮುಂದೆ ನಿಂತಾಗ ಗೆಳೆಯನಿಗೆ ಆ ಮಾತು ಕೇಳುವ ಹಾಗಾಗಬಾರದು.